ಕುದುರೆಗಳು ಓಡುತ್ತಿದ್ದವು

ವೆಸ್ಟ್‌ಮೀಡ್, ಸಿಡ್ನಿ
ಮಾರ್ಚ್ 2, 2025

ಸೌ. ವಸಂತಾಳಿಗೆ,

ಕ್ಷೇಮವಾಗಿದ್ದೇನೆ ಎಂದು ಬರೆದು ಶುರುಮಾಡುವುದು ಪದ್ಧತಿ. ನಿನ್ನೆ ನಾನೇ ಮಾಡಿದ ಸಾರು ತಿಂದ ಮೇಲೆ ಹಾಗೆ ಬರೆಯಲು ಮನಸ್ಸು ಒಪ್ಪುತ್ತಿಲ್ಲ.

ನಿನ್ನ ತಮ್ಮನ ಕರ್ಮಗಳನ್ನೆಲ್ಲ ಮುಗಿಸಿಕೊಂಡು ನೀನು ಮೈಸೂರಿನಿಂದ ಮನೆಗೆ ಬರುತ್ತೀಯೆಂದು ನಾನು ಕಸ ಗುಡಿಸಿ, ಹಾಲು ಮೊಸರು ತಂದಿಟ್ಟು ಕಾದಿದ್ದೆ. ಏರ್‌ಪೋರ್ಟಿಗೆ ಹೊರಡಲು ಷೂ ಹಾಕಿಕೊಳ್ಳುವಾಗ ಮಹತಿಯ ಮೆಸೇಜು ಬಂತು. "ಅಪ್ಪಾ, ಅಮ್ಮ ಟಿಕೆಟ್ ಚೇಂಜ್ ಮಾಡ್ಕೊಂಡು ಮೆಲ್ಬರ್ನ್‌ಗೆ ಬಂದಿದಾಳೆ. ಸ್ವಲ್ಪ ದಿನ ನಮ್ಮನೇಲೇ ಇರ್ತಾಳಂತೆ." ಸ್ವಲ್ಪ ದಿನ ಎಂದರೆ ಎಷ್ಟು ಎಂದು ಕೇಳಿದೆ. ಮಗಳೂ ಹೇಳುವುದಿಲ್ಲ, ಅಳಿಯನೂ ಹೇಳುವುದಿಲ್ಲ. ಫೋನು ಮಾಡಿದರೆ ನನಗೆ ಕೇಳಿಸುವುದಿಲ್ಲ. ವಿಡಿಯೋ ಹಾಕಿದರೆ ನಿನ್ನ ಬದಲು ಮಹತಿಯ ಮನೆಯ ಫ್ಯಾನು ಕಾಣಿಸುತ್ತದೆ. ಕೊನೆಗೆ ವಾಟ್ಸ್‌ಆಪ್‌ನಲ್ಲಿ ಕೇಳಿದ್ದಕ್ಕೆ ನಿನ್ನ ಉತ್ತರ ಒಂದೇ ಸಾಲು: ಏನಿದ್ದರೂ ಕಾಗದ ಬರೆಯಿರಿ.

ಸರಿ, ಬರೆಯುತ್ತಿದ್ದೇನೆ. ಮದುವೆಗೆ ಮುಂಚೆ ನಿನಗೊಂದು ಕಾಗದ ಬರೆದು ನಿಮ್ಮಪ್ಪನ ಕೈಗೆ ಸಿಕ್ಕಿಬಿದ್ದವನು, ಆಮೇಲೆ ಬರೆಯುತ್ತಿರುವುದು ಇದೇ.

ಏನು ತಪ್ಪಾಯಿತೆಂದು ನನಗೆ ತಿಳಿಯುತ್ತಿಲ್ಲ. ಭಾಸ್ಕರ ಹೋದ ಸುದ್ದಿ ಬಂದ ದಿನ ನಾನೇ ನಿನ್ನ ಟಿಕೆಟ್ ಬುಕ್ ಮಾಡಿದೆ, ಪೆಟ್ಟಿಗೆ ಕಟ್ಟಿದೆ, ಏರ್‌ಪೋರ್ಟಿನಲ್ಲಿ ನೀನು ಒಳಗೆ ಹೋಗುವವರೆಗೂ ನಿಂತಿದ್ದೆ. ನೀನು ಕೈ ಬೀಸಲಿಲ್ಲ. ದುಃಖದಲ್ಲಿದ್ದೀಯೆಂದುಕೊಂಡೆ.

ನಾನು ಹಗಲೆಲ್ಲ ಮೂಕಿ ಚಿತ್ರ ನೋಡುತ್ತೇನೆಂದು ಸಿಟ್ಟಿದ್ದರೆ ಹಾಗೆಂದು ಹೇಳು. ರಿಟೈರಾದವರು ಕುಡಿಯುತ್ತಾರೆ, ಷೇರು ಆಡುತ್ತಾರೆ. ನಾನು ನೂರು ವರ್ಷ ಹಳೆಯ ಸಿನಿಮಾ ನೋಡುತ್ತೇನೆ. ಅದಕ್ಕಾಗಿ ಹೆಂಡತಿ ರಾಜ್ಯ ಬಿಟ್ಟು ರಾಜ್ಯಕ್ಕೆ ಹೋದದ್ದನ್ನು ನಾನು ಕಂಡಿಲ್ಲ.

ಸಾರಿನ ಪುಡಿ ಎಲ್ಲಿದೆ?

ಇತಿ,
ಚಕ್ರಪಾಣಿ


ಪಾಯಿಂಟ್ ಕುಕ್, ಮೆಲ್ಬರ್ನ್
ಮಾರ್ಚ್ 14, 2025

ಆದ್ಯಾಳ ತಾತನಿಗೆ,

ಸಾರಿನ ಪುಡಿ ಫ್ರೀಜರಿನಲ್ಲಿ, ಐಸ್‌ಕ್ರೀಮ್ ಡಬ್ಬಿಯಲ್ಲಿದೆ. ಮೇಲೆ ವೆನಿಲಾ ಎಂದು ಬರೆದಿದೆ. ಹಾಗೆಂದು ನಿಮಗೆ ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲವೂ "ಹ್ಞೂಂ ಹ್ಞೂಂ" ಎಂದಿದ್ದೀರಿ.

ಸಿನಿಮಾದ ಮಾತು ನೀವೇ ತೆಗೆದಿರಿ, ಆದ್ದರಿಂದ ಹೇಳುತ್ತೇನೆ. ನಿಮ್ಮ ಪುಣ್ಯದಿಂದ ನಾನೂ ಅಡುಗೆಮನೆಯ ಬಾಗಿಲಲ್ಲಿ ನಿಂತು ಸಾಕಷ್ಟು ನೋಡಿದ್ದೇನೆ. ಆ ನಾಟಕದಂಥ ಚಿತ್ರಗಳಲ್ಲಿ ಹೆಂಗಸಿಗೆ ಒಂದು ಟೆಲಿಗ್ರಾಮ್ ಬರುತ್ತದೆ. ಓದುತ್ತಾಳೆ, ಹಣೆಯ ಮೇಲೆ ಕೈಯ ಹಿಂಬದಿ ಇಟ್ಟುಕೊಂಡು ಸೋಫಾದ ಮೇಲೆ ಬೀಳುತ್ತಾಳೆ. ಸೋಫಾ ಇಲ್ಲದ ಕಡೆ ಅವಳಿಗೆ ಯಾವತ್ತೂ ಕೆಟ್ಟ ಸುದ್ದಿ ಬರುವುದಿಲ್ಲ. ಕೌಬಾಯ್ ಚಿತ್ರ ಇದಕ್ಕಿಂತ ವಾಸಿ, ಕುದುರೆಗಾದರೂ ಬುದ್ಧಿ ಇರುತ್ತದೆ. ಒಬ್ಬ ಆಕಾಶಕ್ಕೆ ಗುಂಡು ಹಾರಿಸುತ್ತಾನೆ, ನಾಲ್ಕು ಜನ ಧೂಳಿನಲ್ಲಿ ಉರುಳುತ್ತಾರೆ. ಆಮೇಲೆ ಕಪ್ಪು ಪರದೆಯ ಮೇಲೆ ಅಕ್ಷರ ಬರುತ್ತದೆ: ನಿನ್ನನ್ನು ಬಿಡುವುದಿಲ್ಲ. ಅಷ್ಟು ಹೊತ್ತು ಬಾಯಿ ಆಡಿಸಿದವನು ಹೇಳಿದ್ದು ಇಷ್ಟೇನಾ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಇರಲಿ. ಅದನ್ನು ನೋಡಿಕೊಂಡು ನೀವು ಸುಖವಾಗಿದ್ದರೆ ನನಗೇನು. ಆದರೆ ಕಿವಿಯ ಮಷೀನು ಎಲ್ಲಿದೆ? ಡ್ರಾಯರಿನಲ್ಲಿ, ಹಳೇ ಗುಂಡಿಗಳ ಜೊತೆ. ಇಂಪ್ಲಾಂಟ್ ಆಪರೇಷನ್ನಿನ ಬಗ್ಗೆ ಮಾತಾಡಲು ಡಾಕ್ಟರು ಎರಡು ಸಲ ಕರೆದರು. ಹೋದಿರಾ? ಇಲ್ಲ. ಹೋಗಲಿ, ಕೇಳಿಸುವುದಿಲ್ಲ ಎಂದು ಯಾರಿಗಾದರೂ ಹೇಳುತ್ತೀರಾ? ಅದೂ ಇಲ್ಲ. ನಮ್ಮ ಪೆಂಡಲ್ ಹಿಲ್ ಹಿರಿಯರ ಕೂಟದ ಸೆಕ್ರೆಟರಿ ದಿವಾಕರ ಹೋದ ಯುಗಾದಿಗೆ ನಿಮ್ಮನ್ನು ಏನೋ ಕೇಳಿದ. ನೀವು ನಗುತ್ತಾ "ಆಗಲಿ, ಅದಕ್ಕೇನಂತೆ" ಎಂದಿರಿ. ಹಬ್ಬದ ಊಟ ನಮ್ಮ ಮನೆಯಲ್ಲಿ ಎಂದು ಒಪ್ಪಿಕೊಂಡಿದ್ದಿರಂತೆ. ನಲವತ್ತು ಜನಕ್ಕೆ ಹೋಳಿಗೆ ತಟ್ಟಿದವಳು ನಾನು.

ವಾಟ್ಸ್‌ಆಪ್‌ನಲ್ಲಿ ನಾನು ಏನು ಕೇಳಿದರೂ ನೀವು ಒಂದು ಹೆಬ್ಬೆರಳು ಕಳಿಸುತ್ತೀರಿ. ಗ್ಯಾಸ್ ಆಫ್ ಮಾಡಿದಿರಾ, ಹೆಬ್ಬೆರಳು. ರಾತ್ರಿಗೆ ಚಪಾತಿನೋ ಅನ್ನವೋ, ಹೆಬ್ಬೆರಳು. ಅದಕ್ಕೇ ಕಾಗದ ಬರೆಯಿರಿ ಎಂದೆ. ಕಾಗದದಲ್ಲಿ ಹ್ಞೂಂ ಎಂದು ತಪ್ಪಿಸಿಕೊಳ್ಳಲು ಆಗುವುದಿಲ್ಲ.

ನನ್ನ ಸಿಟ್ಟು ಸಿನಿಮಾದ ಮೇಲೆ ಎಂದು ನಿಮಗೆ ಅನ್ನಿಸಿದರೆ ಹಾಗೆಯೇ ಅಂದುಕೊಳ್ಳಿ.

ವಸಂತಾ


ವೆಸ್ಟ್‌ಮೀಡ್
ಮಾರ್ಚ್ 27, 2025

ವಸಂತಾ,

ಪುಡಿ ಸಿಕ್ಕಿತು. ವೆನಿಲಾ ಎಂದು ಬರೆದದ್ದರಲ್ಲಿ ಸಾರಿನ ಪುಡಿ ಇಡುವವಳು ನೀನು, ತಪ್ಪು ನನ್ನದು.

ಕಿವಿಯ ಮಷೀನಿನ ವಿಷಯ. ಅದನ್ನು ಹಾಕಿಕೊಂಡರೆ ನನಗೆ ಕೇಳಿಸುವುದು ಬರೀ ಸದ್ದು. ಫ್ರಿಜ್ಜು, ತಟ್ಟೆ, ಹೊರಗಿನ ಆಂಬುಲೆನ್ಸು, ಪಕ್ಕದ ಫ್ಲ್ಯಾಟಿನವರ ವ್ಯಾಕ್ಯೂಮು, ಎಲ್ಲ ಒಟ್ಟಿಗೆ ನುಗ್ಗುತ್ತವೆ. ಅದರ ಮಧ್ಯೆ ನಿನ್ನ ಮಾತು ಗಾಣಕ್ಕೆ ಕೊಟ್ಟು ತೆಗೆದ ಕಬ್ಬಿನ ಹಾಗೆ ಬರುತ್ತದೆ. ಹಾಲು ಎಲ್ಲೋ ಹೋಗಿರುತ್ತದೆ, ನನ್ನ ಪಾಲಿಗೆ ಸಿಪ್ಪೆ. ಇದನ್ನು ಹೇಳಿದರೆ ಅಭ್ಯಾಸ ಮಾಡಿಕೊಳ್ಳಿ ಎನ್ನುತ್ತೀರಿ. ತಲೆಬುರುಡೆ ಕೊರೆಸಿಕೊಂಡು ಒಳಗೆ ಇನ್ನೊಂದು ಮಷೀನು ಇಡಿಸಿಕೊಳ್ಳುವ ಧೈರ್ಯ ನನಗಿಲ್ಲ. ಮೂವತ್ತು ವರ್ಷ ಸೇತುವೆ ಕಟ್ಟಿದ ಇಂಜಿನಿಯರ್ ಹೆದರುತ್ತಾನೆಂದು ಮಗಳು ನಗುತ್ತಾಳೆ, ನಗಲಿ.

ಸಿನಿಮಾ ಬಗ್ಗೆ ಅಷ್ಟು ಹಗುರವಾಗಿ ಬರೆದೆಯಲ್ಲ, ಇದನ್ನು ಕೇಳು. ಕಿವಿ ಮಂದವಾದ ಮೇಲೆ ನಾನು ಎಲ್ಲಿ ಹೋದರೂ ಪಕ್ಕದವರು ನಕ್ಕ ಮೇಲೆ ನಗುತ್ತೇನೆ. ಅವರು ತಲೆ ಆಡಿಸಿದರೆ ನಾನೂ ಆಡಿಸುತ್ತೇನೆ. ಮದುವೆಮನೆಯಾಗಲಿ, ಕನ್ನಡ ಸಂಘದ ಮೀಟಿಂಗಾಗಲಿ, ನಾನು ಅರ್ಧ ನಿಮಿಷ ಹಿಂದಿರುತ್ತೇನೆ. ಮೂಕಿ ಚಿತ್ರದಲ್ಲಿ ಹಾಗಿಲ್ಲ. ಮಾತು ಬರೆದ ಫಲಕ ಬರುವವರೆಗೆ ಎಲ್ಲರೂ ಕಾಯಬೇಕು. ಕೌಬಾಯ್ ಚಿತ್ರದಲ್ಲಿ ಕಳ್ಳ ಹಿಂದಿನಿಂದ ಬಂದರೆ ಅವನ ಹೆಜ್ಜೆ ಯಾರಿಗೂ ಕೇಳಿಸುವುದಿಲ್ಲ. ಆ ಹೊತ್ತಷ್ಟೂ ನಾನು ಕಿವುಡನಲ್ಲ. ಆ ಹೆಂಗಸು ಸೋಫಾದ ಮೇಲೆ ಬೀಳುವುದು ನಿನಗೆ ನಗು. ಅವಳು ನನ್ನಂಥವನಿಗೂ ತಿಳಿಯಲಿ ಎಂದು ಅಷ್ಟು ಕಷ್ಟಪಡುತ್ತಾಳೆ. ನಮ್ಮ ಮನೆಯಲ್ಲಿ ಯಾರೂ ಮುಖದಲ್ಲಿ ಅಷ್ಟು ಸ್ಪಷ್ಟವಾಗಿ ಏನನ್ನೂ ಹೇಳುವುದಿಲ್ಲ.

ದಿವಾಕರನಿಗೆ ನನ್ನ ಹುಚ್ಚು ಗೊತ್ತಾಗಿದೆ. ಮೇ ತಿಂಗಳಲ್ಲಿ ಹಿರಿಯರ ಕೂಟಕ್ಕೆ ಒಂದು ಕೌಬಾಯ್ ಚಿತ್ರ ತೋರಿಸಿ, ಅದರ ಬಗ್ಗೆ ನಾಲ್ಕು ಮಾತು ಆಡಬೇಕಂತೆ. ಈ ಸಲ ಕಾಗದದಲ್ಲಿ ಬರೆಸಿಕೊಂಡೆ, ಊಟ ನಮ್ಮಲ್ಲಲ್ಲ. ಕೌಬಾಯ್‌ಗಳಿಗೂ ಈ ದೇಶದ ಹಳೇ ಬುಷ್‌ರೇಂಜರ್ ಚಿತ್ರಗಳಿಗೂ ಇರುವ ನಂಟಿನ ಬಗ್ಗೆ ಹೇಳೋಣವೆಂದಿದ್ದೇನೆ. ಕಾಡಿನ ಡಕಾಯಿತರನ್ನು ದೊಡ್ಡವರಾಗಿ ತೋರಿಸುತ್ತಾರೆಂದು ಆಗಲೇ ಇಲ್ಲಿ ಅವನ್ನು ನಿಷೇಧಿಸಿದ್ದರು, ನಿನಗೆ ಗೊತ್ತೇ?

ಅಷ್ಟರೊಳಗೆ ನೀನು ಬಂದರೆ ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ.

ಇತಿ,
ಚಕ್ರಪಾಣಿ


ಪಾಯಿಂಟ್ ಕುಕ್
ಏಪ್ರಿಲ್ 5, 2025

ಆದ್ಯಾಳ ತಾತನಿಗೆ,

ಮುಖದಲ್ಲಿ ಸ್ಪಷ್ಟವಾಗಿ ಹೇಳಬೇಕಾದರೆ ಎದುರಿಗೆ ನೋಡುವ ಮುಖ ಇರಬೇಕು. ನನ್ನೆದುರಿಗೆ ಇದ್ದದ್ದು ನಿಮ್ಮ ಬೆನ್ನು.

ಇದನ್ನು ಬರೆಯಬಾರದು ಎಂದಿದ್ದೆ. ನೀವು ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ ಎಂದು ಬರೆದಿದ್ದನ್ನು ಓದಿದ ಮೇಲೆ ತಡೆಯಲು ಆಗುತ್ತಿಲ್ಲ.

ಜನವರಿಯಲ್ಲಿ ಆ ಮಧ್ಯಾಹ್ನ ಮೈಸೂರಿನಿಂದ ಭಾಸ್ಕರನ ಹೆಂಡತಿ ನಿವೇದಿತಾ ಫೋನ್ ಮಾಡಿದಳು. ಅವಳು ಅಳುತ್ತಿದ್ದಳು, ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಫೋನಿಟ್ಟು ಹಾಲಿಗೆ ಬಂದೆ. ನೀವು ಟೀವಿ ಮುಂದೆ ಸೋಫಾದಲ್ಲಿ ಕೂತಿದ್ದಿರಿ. ಕೌಬಾಯ್ ಚಿತ್ರ ಓಡುತ್ತಿತ್ತು. ನಿಮ್ಮ ಹೆಗಲ ಮೇಲೆ ಕೈ ಇಟ್ಟು "ರೀ, ಭಾಸ್ಕರ ಹೋಗ್ಬಿಟ್ಟ" ಎಂದೆ.

ನೀವು ತಿರುಗಲಿಲ್ಲ. ನನ್ನ ಕೈಯನ್ನು ಮೆಲ್ಲಗೆ ತಟ್ಟಿ, "ಹ್ಞೂಂ ಹ್ಞೂಂ, ಒಳ್ಳೇದಾಯ್ತು ಬಿಡು" ಎಂದಿರಿ.

ನಾನು ಇನ್ನೊಂದು ಸಲ ಹೇಳಲಿಲ್ಲ. ಆ ಮಾತನ್ನು ಎರಡನೇ ಸಲ ಹೇಳುವ ಶಕ್ತಿ ನನ್ನಲ್ಲಿರಲಿಲ್ಲ. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಮಹತಿ ಮೆಸೇಜು ಮಾಡಿದ ಮೇಲೆ ನೀವು ಓಡಿ ಬಂದಿರಿ. ಅಷ್ಟು ಹೊತ್ತಿಗೆ ನನ್ನ ಅಳು ಮುಗಿದಿತ್ತು. ನೀವು ಟಿಕೆಟ್ ಬುಕ್ ಮಾಡಿದ್ದು, ಪೆಟ್ಟಿಗೆ ಕಟ್ಟಿದ್ದು ಎಲ್ಲ ನಿಜ. ಒಂದನ್ನೂ ಇಲ್ಲ ಎನ್ನುವುದಿಲ್ಲ.

ನಿಮಗೆ ಕೇಳಿಸಲಿಲ್ಲ ಎಂದು ಗೊತ್ತು. ಗೊತ್ತಿರುವುದರಿಂದಲೇ ನಿಮ್ಮನ್ನು ಬಯ್ಯುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ. ಕೇಳಿಸದೆ ಇರುವುದು ನಿಮ್ಮ ಕೈಯಲ್ಲಿಲ್ಲ. ಕೇಳಿಸಿದ ಹಾಗೆ ನಟಿಸುವುದು ಯಾರ ಕೈಯಲ್ಲಿದೆ? "ಏನಂದೆ" ಎಂದು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು.

ಮೈಸೂರಿನಲ್ಲಿ ಹದಿಮೂರು ದಿನವೂ ಮನೆ ತುಂಬ ಜನ. ವಿಮಾನದಲ್ಲಿ ಒಬ್ಬಳೇ ಕೂತಾಗ ಮತ್ತೆ ಆ ಸೋಫಾ, ಆ ಬೆನ್ನು ಕಣ್ಣ ಮುಂದೆ ಬಂತು. ಸಿಂಗಪುರದಲ್ಲಿ ಟಿಕೆಟ್ ಬದಲಾಯಿಸಿದೆ.

ವಸಂತಾ


ವೆಸ್ಟ್‌ಮೀಡ್
ಮೇ 19, 2025

ವಸಂತಾ,

ಈ ಕಾಗದ ತಡವಾಯಿತು. ಶುರುಮಾಡಿ ಹರಿದದ್ದು ಬಹಳ. ಕ್ಷಮಿಸು ಎಂದು ಬರೆದರೆ, ಗ್ಯಾಸ್ ಆಫ್ ಮಾಡಿದಿರಾ ಎಂದು ಕೇಳಿದ್ದಕ್ಕೆ ಹೆಬ್ಬೆರಳು ಕಳಿಸಿದ ಹಾಗೆ ಕಾಣಿಸುತ್ತಿತ್ತು.

ನಾನು ಹಾಗೆ ಹೇಳಿದ್ದು ನನಗೆ ನೆನಪಿಲ್ಲ. ಇಲ್ಲ ಎನ್ನುತ್ತಿಲ್ಲ, ಹೇಳಿರುತ್ತೇನೆ. ದಿನಕ್ಕೆ ಎಷ್ಟೋ ಸಲ ಯಾರ ಯಾರಿಗೋ ಹಾಗೆ ಹೇಳುತ್ತೇನೆ. ಹೆಗಲ ಮೇಲೆ ಕೈ ಬಿದ್ದರೆ ಊಟಕ್ಕೆ ಕರೆದರೆಂದೋ, ಮಳೆ ನಿಂತಿತೆಂದೋ ಊಹಿಸಿ ಬಾಯಿಗೆ ಬಂದದ್ದು ಅನ್ನುತ್ತೇನೆ. ಎಲ್ಲರೂ ಒಪ್ಪಿಕೊಂಡು ಮುಂದೆ ಹೋಗುತ್ತಾರೆ. ಅದನ್ನೇ ಜಾಣತನ ಎಂದುಕೊಂಡಿದ್ದೆ.

ಆ ದಿನ ಯಾವ ಚಿತ್ರ ನೋಡುತ್ತಿದ್ದೆನೆಂದು ಹುಡುಕಿ ತೆಗೆದೆ. ನಿನ್ನ ಮುಖ ನೋಡದಷ್ಟು ಅದರಲ್ಲಿ ಏನಿತ್ತು ಎಂದು ನೋಡಬೇಕಿತ್ತು. ಪೂರ್ತಿ ನೋಡಿದೆ. ಒಂದು ಬೆಟ್ಟದ ಇಳಿಜಾರು, ಧೂಳು. ಕುದುರೆಗಳು ಓಡುತ್ತಿದ್ದವು. ಅಷ್ಟೇ, ವಸಂತಾ. ಕುದುರೆಗಳು ಓಡುತ್ತಿದ್ದವು.

ನಿನ್ನೆ ಪೆಂಡಲ್ ಹಿಲ್‌ನಲ್ಲಿ ಆ ಕಾರ್ಯಕ್ರಮ ಆಯಿತು. ಬೇಡವೆನ್ನಬೇಕೆಂದಿದ್ದೆ, ಆದರೆ ಮಾತು ಕೊಟ್ಟಿದ್ದೆ. ಚಿತ್ರ ತೋರಿಸಿದೆ, ಬರೆದುಕೊಂಡು ಹೋದದ್ದನ್ನು ಓದಿದೆ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ಏನೋ ಕೇಳಿದರು. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. "ಹೌದು, ಹೌದು, ಒಳ್ಳೇ ಪ್ರಶ್ನೆ" ಎಂಬ ಮಾತು ಬಾಯಿಗೆ ಬಂದಿತ್ತು. ನುಂಗಿಕೊಂಡೆ. "ನನಗೆ ಕಿವಿ ಕೇಳಿಸಲ್ಲಮ್ಮ. ದಯವಿಟ್ಟು ಬರೆದು ಕೊಡಿ" ಎಂದೆ. ಮೈಕಿನಲ್ಲಿ ಹೇಳಿದ್ದರಿಂದ ಇಡೀ ಹಾಲಿಗೆ ಗೊತ್ತಾಯಿತು. ಅವರು ಬರೆದು ಕಳಿಸಿದ ಚೀಟಿಯಲ್ಲಿ, ಹಿಂದೆ ಕೂತವರಿಗೆ ಅಕ್ಷರ ಕಾಣಿಸಲಿಲ್ಲ ಎಂದಿತ್ತು.

ಕುರ್ಚಿ ಮಡಚಿಟ್ಟ ಮೇಲೆ ದಿವಾಕರ ನನ್ನ ಮುಂದೆ ಬಂದು ನಿಂತ. ಅವನ ಮುಖ ಒಂದು ಥರ ಇತ್ತು. ಫೋನಿನಲ್ಲಿ ಟೈಪ್ ಮಾಡಿ ತೋರಿಸಿದ. "ಸಾರ್, ಹೋದ ವರ್ಷ ನಮ್ಮಮ್ಮನ್ನ ನರ್ಸಿಂಗ್ ಹೋಮ್‌ಗೆ ಸೇರಿಸ್ಬೇಕಾಗಿ ಬಂದಾಗ ನಿಮ್ಮತ್ರ ತುಂಬಾ ಹೊತ್ತು ಮಾತಾಡಿದ್ನಲ್ಲ. ನೀವೊಬ್ರೇ ಸಮಾಧಾನವಾಗಿ ಕೇಳಿದ್ದು ಅಂತ ಎಲ್ಲರ ಹತ್ರಾನೂ ಹೇಳ್ಕೊಂಡಿದೀನಿ."

"ಅವತ್ತು ಒಂದಕ್ಷರ ಕೇಳಿಸಿರಲಿಲ್ಲ, ದಿವಾಕರ," ಎಂದೆ.

ಅವನು ಹೊರಟುಹೋಗುತ್ತಾನೆಂದುಕೊಂಡೆ. ಸ್ವಲ್ಪ ದೂರ ಹೋದ ಕೂಡ. ಆಮೇಲೆ ತಿರುಗಿ ಬಂದು ನನ್ನ ತೋಳು ಹಿಡಿದು ಸ್ಟೇಷನ್ ಹತ್ತಿರದ ದೋಸೆ ಹೋಟೆಲಿಗೆ ಕರೆದುಕೊಂಡು ಹೋದ. ಅಲ್ಲಿ ಕೂತು ಇಡೀ ಕಥೆಯನ್ನು ಟೈಪ್ ಮಾಡಿ ಮಾಡಿ ತೋರಿಸಿದ. ದೋಸೆ ಆರಿ ಚಕ್ಕೆಯಾಯಿತು. ಅವನ ತಾಯಿ ನರ್ಸಿಂಗ್ ಹೋಮ್ ಸೇರಿದ ದಿನ ಅವನನ್ನು ವಾರ್ಡ್‌ಬಾಯ್ ಎಂದುಕೊಂಡು ಥ್ಯಾಂಕ್ಯೂ ಹೇಳಿದರಂತೆ. ಇದನ್ನು ಅವನು ಹೋದ ವರ್ಷ ನನಗೆ ಹೇಳಿದ್ದ. ನಾನು ಆಗ ಏನೆಂದೆನೋ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನೀನು ವಾಪಸು ಬಾ ಎಂದು ಬರೆಯುತ್ತಿಲ್ಲ.

ಚಕ್ರಪಾಣಿ


ಪಾಯಿಂಟ್ ಕುಕ್
ಜೂನ್ 8, 2025

ಆದ್ಯಾಳ ತಾತನಿಗೆ,

ದಿವಾಕರನ ತಾಯಿಯ ಕಥೆಯನ್ನು ಎರಡನೇ ಸಲ ಕೇಳಿದಿರಿ. ಬಹಳ ಸಂತೋಷ. ನನ್ನ ತಮ್ಮನ ಕಥೆಯನ್ನು ಇನ್ನೂ ಮೊದಲನೇ ಸಲವೂ ಕೇಳಿಲ್ಲ. ನಿಮ್ಮ ಕಾಗದ ಓದಿ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಇಷ್ಟು ಸುಲಭವಾಗಿ ಹೇಳಬಹುದಾದ ಮಾತನ್ನು ಹೇಳಲು ಇಷ್ಟು ವರ್ಷ ಬೇಕಾಯಿತಲ್ಲ ಎಂದು.

ಇಲ್ಲಿ ಎಲ್ಲರೂ ಒಳ್ಳೆಯವರೇ. ಮಹತಿಗೆ ಕೆಲಸ, ಮೇಲೆ ಆ ಫ್ರೀವೇಯಲ್ಲಿ ದಿನಾ ಹೋಗಿ ಬರುವುದು. ನಾನು ಭಾಸ್ಕರನ ಹೆಸರೆತ್ತಿದರೆ "ಬೇಜಾರ್ ಮಾಡ್ಕೋಬೇಡಮ್ಮ" ಎಂದು ತಬ್ಬಿಕೊಳ್ಳುತ್ತಾಳೆ. ತಬ್ಬಿಕೊಂಡರೆ ಮಾತು ನಿಂತುಹೋಗುತ್ತದೆ. ಮೊಮ್ಮಗಳಿಗೆ ಅವನು ಯಾರೆಂದೇ ಸರಿಯಾಗಿ ಗೊತ್ತಿಲ್ಲ. "ದಟ್ ಅಂಕಲ್ ವಿತ್ ದ ವಿಸಲ್?" ಎಂದು ಕೇಳಿದಳು. ಹೌದು, ಶಾಲೆಯ ಆಟದ ಮೇಷ್ಟರು, ಮನೆಯಲ್ಲೂ ಪೀಪಿ ಕೊರಳಲ್ಲಿ ಹಾಕಿಕೊಂಡಿರುತ್ತಿದ್ದ.

ಈಗ ನೀವು ನಗುತ್ತೀರಿ. ಹೋದ ಶನಿವಾರ ನಾನಾಗಿ ಮಹತಿಗೆ ಹೇಳಿ ಒಂದು ಮೂಕಿ ಚಿತ್ರಕ್ಕೆ ಹೋದೆ. ಸಿಟಿಯಲ್ಲಿ ಒಂದು ಹಳೇ ಹಾಲಿನಲ್ಲಿ ತೋರಿಸುತ್ತಾರೆ. ನೀವು ಅಷ್ಟು ಬರೆದಿರಲ್ಲ, ಏನಿದೆ ಅದರಲ್ಲಿ ಎಂದು ಸರಿಯಾಗಿ ಕೂತು ನೋಡೋಣವೆನ್ನಿಸಿತು. ಕೌಬಾಯ್ ಅಲ್ಲ, ಸಂಸಾರದ ಕಥೆ. ಪರದೆಯ ಕೆಳಗೆ ಪಿಯಾನೋ ಮುಂದೆ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದರು. ಆಗಿನ ಕಾಲದಲ್ಲಿ ಹೀಗೆ ಬಾರಿಸುತ್ತಿದ್ದರೆಂದು ನೀವು ಓದಿ ಹೇಳಿದ್ದಿರಿ. ಓದುವುದು ಬೇರೆ. ಪರದೆಯ ಮೇಲೆ ಒಬ್ಬಳು ಬಟ್ಟೆ ಮಡಚುತ್ತಿದ್ದಳು. ಅವಳ ಮಗ ಯುದ್ಧಕ್ಕೆ ಹೋಗಿದ್ದ. ಏನೂ ಆಗುತ್ತಿರಲಿಲ್ಲ, ಬರೀ ಬಟ್ಟೆ ಮಡಚುವುದು. ಆ ಪಿಯಾನೋ ಹೆಂಗಸು ಎರಡೇ ಬೆರಳಿನಲ್ಲಿ ಏನೋ ಬಾರಿಸಿದರು. ನಾನು ಅತ್ತೆ. ಮಹತಿ ಗಾಬರಿಯಾದಳು. ಅವಳಿಗೆ ಕತ್ತಲಲ್ಲಿ ನನ್ನನ್ನು ತಬ್ಬಿಕೊಳ್ಳಲು ಆಗಲಿಲ್ಲ, ಮಧ್ಯೆ ಪಾಪ್‌ಕಾರ್ನ್ ಇತ್ತು. ಅದಕ್ಕೇ ಪೂರ್ತಿ ಅಳಲು ಆಯಿತು.

ಮರುದಿನ ಮನೆಯಲ್ಲಿ ಯಾರೂ ಇಲ್ಲದಾಗ ಅಂಥದೇ ಒಂದು ಚಿತ್ರವನ್ನು ಟೀವಿಯಲ್ಲಿ ಹಾಕಿದೆ. ವಾಲ್ಯೂಮ್ ಪೂರ್ತಿ ಇಳಿಸಿದೆ. ಹತ್ತಿ ಇಟ್ಟು ಕಿವಿ ಮುಚ್ಚಿಕೊಂಡೆ. ನಿಮ್ಮ ಹಾಗೆ ಕೂತೆ. ಸ್ವಲ್ಪ ಹೊತ್ತಿಗೆ ನನಗೆ ಹೆದರಿಕೆಯಾಯಿತು. ಬೆನ್ನ ಹಿಂದೆ ಯಾರಾದರೂ ಬಂದು ನಿಂತಿದ್ದಾರೇನೋ ಎಂದು ಮತ್ತೆ ಮತ್ತೆ ತಿರುಗಿ ನೋಡಿದೆ. ಹತ್ತಿ ತೆಗೆದು ಬಿಸಾಡಿದೆ.

ಇದರೊಳಗೆ ದಿನಾ ಕೂರುತ್ತೀರಿ ಎಂದು ಗೊತ್ತಿರಲಿಲ್ಲ. ಗೊತ್ತಾದ ಮಾತ್ರಕ್ಕೆ ನನ್ನ ಸಿಟ್ಟು ಹೋಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ವಸಂತಾ


ವೆಸ್ಟ್‌ಮೀಡ್
ಜೂನ್ 20, 2025

ವಸಂತಾ,

ನೀನು ತಿರುಗಿ ತಿರುಗಿ ನೋಡಿದೆ ಎಂದು ಬರೆದದ್ದನ್ನು ಓದಿದೆ. ನಾನೂ ಮೊದಮೊದಲು ಹಾಗೆ ನೋಡುತ್ತಿದ್ದೆ. ನೋಡಿದಾಗೆಲ್ಲ ಯಾರೂ ಇರುತ್ತಿರಲಿಲ್ಲ. ಆಮೇಲೆ ಬಿಟ್ಟೆ. ನೀನು ಬಂದು ನಿಂತದ್ದು ಬಿಟ್ಟ ಮೇಲೆ.

ಸೋಮವಾರ ಡಾಕ್ಟರ ಹತ್ತಿರ ಹೋಗಿದ್ದೆ. ಯಾರೂ ಎಬ್ಬಿಸಿ ಕಳಿಸಲಿಲ್ಲ, ನಾನೇ ನಡೆದುಕೊಂಡು ಹೋದೆ. ಅವರು ಹೇಳಿದ್ದನ್ನೆಲ್ಲ ಬರೆದು ತೋರಿಸಿ ಎಂದು ಪಟ್ಟು ಹಿಡಿದೆ. ಅವರಿಗೂ ನನ್ನ ಮೇಲೆ ಬೇಸರ ಬಂತು. ಇಂಪ್ಲಾಂಟ್ ಹಾಕಿದರೆ ಮೊದಲಿನ ಹಾಗೆ ಆಗುವುದಿಲ್ಲವಂತೆ. ಮಾತು ಬಹುಶಃ ತಿಳಿಯುತ್ತದೆ, ಅದಕ್ಕೂ ತಿಂಗಳುಗಟ್ಟಲೆ ಅಭ್ಯಾಸ ಮಾಡಬೇಕು. ಸಂಗೀತದ ಬಗ್ಗೆ ಏನೂ ಹೇಳಲಾಗದು ಎಂದರು. ಪಿಯಾನೋ ಪಾತ್ರೆ ಬಿದ್ದ ಹಾಗೆ ಕೇಳಿಸಬಹುದು. ಪಿಯಾನೋ ಇಲ್ಲದಿದ್ದರೂ ನಡೆಯುತ್ತದೆ, ನನಗೆ ಬೇಕಾಗಿರುವುದು ಮಾತು ಎಂದೆ. ಆಪರೇಷನ್ ಸೆಪ್ಟೆಂಬರಿನಲ್ಲಿ. ಹೆದರಿಕೆ ಇದೆ. ಈಗ ಇದೆ ಎಂದು ಹೇಳಿಕೊಂಡು ತಿರುಗುತ್ತಿದ್ದೇನೆ, ದಿವಾಕರನಿಗೂ ಹೇಳಿದೆ, ತರಕಾರಿ ಅಂಗಡಿಯವನಿಗೂ ಹೇಳಿದೆ.

ಸೆಪ್ಟೆಂಬರಿನವರೆಗೆ ಕಾಯುವುದು ಬೇಡ. ಮುಂದಿನ ವಾರ ಮೆಲ್ಬರ್ನಿಗೆ ಬರುತ್ತೇನೆ. ನಿನ್ನನ್ನು ಕರೆದುಕೊಂಡು ಹೋಗಲು ಅಲ್ಲ, ಎರಡು ದಿನ ಇದ್ದು ಬರುತ್ತೇನೆ. ಭಾಸ್ಕರನ ಸುದ್ದಿಯನ್ನು ನನಗೆ ಇನ್ನೊಂದು ಸಲ ಹೇಳುತ್ತೀಯಾ? ಬರೆದು ಕೊಡುವುದು ಬೇಡ. ಎದುರಿಗೆ, ಬೆಳಕಿರುವ ಕಡೆ ಕೂತು ಹೇಳು. ನಿನ್ನ ತುಟಿ ನನಗೆ ಸುಮಾರು ಓದಲು ಬರುತ್ತದೆ, ಪೂರ್ತಿ ಬರುವುದಿಲ್ಲ. ತಿಳಿಯದಿದ್ದರೆ ತಿಳಿಯಲಿಲ್ಲ ಎನ್ನುತ್ತೇನೆ. ನಿನಗೆ ರೇಗುತ್ತದೆ. ರೇಗಲಿ.

ಇತಿ,
ಚಕ್ರಪಾಣಿ


ಪಾಯಿಂಟ್ ಕುಕ್
ಜುಲೈ 6, 2025

ನಿಮಗೆ,

ನೀವು ಸಿಡ್ನಿಗೆ ಹೋಗಿ ವಾರವಾಯಿತು. ಬಾಯಲ್ಲಿ ಹೇಳಲಾಗದೆ ಉಳಿದದ್ದನ್ನು ಬರೆಯುತ್ತಿದ್ದೇನೆ.

ಈ ಚಳಿಯಲ್ಲಿ ಸಮುದ್ರದ ಪಕ್ಕ ಬೆಂಚಿನ ಮೇಲೆ ಕೂತು ಮಾತಾಡಬೇಕೆಂದು ನಿಮಗೆ ಏಕೆ ಅನ್ನಿಸಿತೋ. ಬೆಳಕು ಚೆನ್ನಾಗಿದೆ ಎಂದಿರಿ. ಮಫ್ಲರ್ ಬಾಯಿಗೆ ಅಡ್ಡ ಬರುತ್ತದೆಂದು ನನ್ನಿಂದ ಅದನ್ನೂ ತೆಗೆಸಿದಿರಿ. ನನಗೆ ಇನ್ನೂ ಕೆಮ್ಮು ಹೋಗಿಲ್ಲ.

ನಿಮ್ಮಂಥ ಕೇಳುಗರನ್ನು ನಾನು ನೋಡಿಲ್ಲ. ಅವನು ಕೊನೆಯ ಸಲ ಫೋನ್ ಮಾಡಿದಾಗ ಈರನಗೆರೆ ಬದನೆಯ ಬೀಜ ಕಳಿಸಲಾ ಎಂದು ಕೇಳಿದ ವಿಷಯ ಹೇಳಿದೆ. "ಬದನೆ" ಎಂದರೆ ನೀವು "ಮದುವೇನಾ, ಯಾರದು?" ಎಂದಿರಿ. ಬ, ಮ ಎರಡೂ ತುಟಿಯಲ್ಲಿ ಒಂದೇ ಥರ ಕಾಣುತ್ತವಂತೆ. ಕಾಯಿ, ಕಾಯಿ ಎಂದು ಕೈಯಲ್ಲಿ ಆಕಾರ ತೋರಿಸಿದೆ. ಕಸ್ಟಮ್ಸ್‌ನವರು ಹಿಡೀತಾರೆ ಕಣೋ, ಆಮೇಲೆ ಮಾತಾಡ್ತೀನಿ ಎಂದು ನಾನು ಫೋನ್ ಇಟ್ಟುಬಿಟ್ಟೆನೆಂದು ಹೇಳಿದೆ. ಅದಕ್ಕೂ "ತಿಳೀಲಿಲ್ಲ, ಇನ್ನೊಂದ್ಸಲ". ನಾನು ಫೋನ್ ಇಟ್ಟದ್ದನ್ನು ಇನ್ನೊಂದು ಸಲ ಹೇಳಬೇಕಾಯಿತು.

ಆಮೇಲೆ ನಿವೇದಿತಾಳ ಫೋನಿಗೆ ಬಂದೆ. ಬೆಳಿಗ್ಗೆ ಮಕ್ಕಳಿಗೆ ಖೋ ಖೋ ಆಡಿಸಲು ಹೋದವನು ಮೈದಾನದಲ್ಲೇ ಕೂತನಂತೆ, ಮೇಷ್ಟ್ರು ತಮಾಷೆ ಮಾಡುತ್ತಿದ್ದಾರೆ ಎಂದು ಮಕ್ಕಳು ನಕ್ಕರಂತೆ. ಅಷ್ಟನ್ನು ನೀವು ಒಂದೇ ಸಲಕ್ಕೆ ಓದಿಕೊಂಡಿರಿ. "ಆಮೇಲೆ?" ಎಂದಿರಿ. "ಹೋಗ್ಬಿಟ್ಟ" ಎಂದೆ. "ಗಾಳಿಗೆ ಮುಖ ತಿರುಗಿಸ್ಬಿಟ್ಟೆ, ಕಾಣ್ಲಿಲ್ಲ, ಇನ್ನೊಂದ್ಸಲ ಹೇಳು" ಎಂದಿರಿ.

ನನಗೆ ಎಲ್ಲಿತ್ತೋ ಆ ಸಿಟ್ಟು. "ಭಾಸ್ಕರ ಸತ್ತುಹೋದ ಕಣ್ರೀ" ಎಂದು ಕಿರುಚಿದೆ. ನಾಯಿ ಹಿಡಿದುಕೊಂಡು ಹೋಗುತ್ತಿದ್ದವರು ನಿಂತು ನೋಡಿದರು. ಜನವರಿಯಿಂದ ಎಲ್ಲರಿಗೂ ಹೋದ, ತೀರಿಕೊಂಡ ಎಂದೇ ಹೇಳಿಕೊಂಡು ಬಂದಿದ್ದೆ. ಸತ್ತುಹೋದ ಎಂಬ ಮಾತು ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು. ನಿಮಗೆ ತಿಳಿಯಲಿ ಎಂದು ಕೂಗಿದ್ದು, ಕೇಳಿಸಿದ್ದು ನನಗೆ.

ನೀವು ಹ್ಞೂಂ ಎನ್ನಲಿಲ್ಲ, ನನ್ನ ಕೈ ತಟ್ಟಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಕೂತಿರಿ, ಕಣ್ಣಲ್ಲಿ ನೀರು ಬಂದು ನನ್ನ ತುಟಿ ಕಾಣಿಸುತ್ತಿಲ್ಲ ಎಂದು ಕನ್ನಡಕ ತೆಗೆದು ಒರೆಸಿಕೊಂಡಿರಿ. ಮತ್ತೆ ಹಾಕಿಕೊಂಡು "ಹೇಳು" ಎಂದಿರಿ. ಹೇಳಲು ಏನೂ ಉಳಿದಿರಲಿಲ್ಲ. ಆದರೂ ಹೇಳಿದೆ. ಅವನು ನನ್ನನ್ನು ಸೈಕಲ್ಲಿನಲ್ಲಿ ಕಾಲೇಜಿಗೆ ಬಿಡುತ್ತಿದ್ದದ್ದು, ದಾರಿಯುದ್ದಕ್ಕೂ ಪೀಪಿ ಊದಿ ನನ್ನ ಮಾನ ಕಳೆಯುತ್ತಿದ್ದದ್ದು. ಕತ್ತಲಾಗಿ ನನ್ನ ಮುಖ ಕಾಣದಂತಾಗುವವರೆಗೆ ಹೇಳಿದೆ.

ಬರುವ ಶನಿವಾರ ಮಧ್ಯಾಹ್ನದ ವಿಮಾನಕ್ಕೆ ಸಿಡ್ನಿಗೆ ಬರುತ್ತಿದ್ದೇನೆ. ಸೆಪ್ಟೆಂಬರಿನಲ್ಲಿ ಆಸ್ಪತ್ರೆಯಲ್ಲಿ ನಿಮ್ಮ ಪರವಾಗಿ ಜಗಳ ಆಡಲು ಒಬ್ಬರು ಬೇಕಲ್ಲ. ಮನೆ ಹೇಗಿಟ್ಟಿದ್ದೀರೋ ನೋಡಬೇಕು. ಏರ್‌ಪೋರ್ಟಿಗೆ ಬನ್ನಿ, ಆದರೆ ಕಾರಿನಲ್ಲಿ ನನ್ನನ್ನು ಏನೂ ಕೇಳಬೇಡಿ. ಕೇಳಿದರೆ ನಾನು ಉತ್ತರ ಹೇಳುತ್ತೇನೆ, ಹೇಳಿದರೆ ನೀವು ಈಗ ನನ್ನ ಕಡೆ ತಿರುಗುತ್ತೀರಿ, ಆ ಹೈವೇಯಲ್ಲಿ ಇಬ್ಬರೂ ಒಟ್ಟಿಗೆ ಸಾಯುತ್ತೇವೆ. ರಸ್ತೆ ನೋಡಿಕೊಂಡು ಓಡಿಸಿ. ಮನೆಗೆ ಹೋಗಿ ಮಾತಾಡೋಣ.

ನಿಮ್ಮ
ವಸಂತಾ